ಟವೆಲ್ ಇಲ್ಲದ ಆಟ

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ಎದುರಿನವನ ಬೆರಳು ಹಿಡಿಯುತ್ತೇವೆ. ಎಷ್ಟು ಬೆರಳು ಅಮುಕಿದೆವು ಎಂಬುದರಲ್ಲೇ ಮಾತೆಲ್ಲ ಮುಗಿಯುತ್ತದೆ. ಸುತ್ತ ಹತ್ತು ಜನ ನಿಂತು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ, ಆ ಮುಖದಲ್ಲಿ ಏನೂ ಕಾಣಬಾರದು. ಹದಿನಾರನೆಯ ವಯಸ್ಸಿನಲ್ಲಿ ಎರಡು ಮರಿ ಹಿಡಿದುಕೊಂಡು ಶಿಕಾರಿಪುರದ ಸಂತೆಗೆ ಬಂದ ನಾನು ಎರಡು ಸಲ ಟೋಪಿ ಹಾಕಿಸಿಕೊಂಡು, ಮೂರನೆಯ ಸಲಕ್ಕೆ ಈ ವಿದ್ಯೆ ಕಲಿತೆ. ಈಗ ಈಸೂರಿನ ಕಡೆಯಿಂದ ಹಿಡಿದು ಬಂದಳಿಕೆಯವರೆಗೆ ಕುರಿ ಸಾಕುವವರು ಮಾರಲು ನನ್ನ ಮನೆ ಬಾಗಿಲಿಗೇ ಬರುತ್ತಾರೆ.

ಆ ಬಾಗಿಲು ಎಂದರೆ ನಮ್ಮ ಮುಂಗೋಣೆಯ ಬಾಗಿಲು. ನೇರ ಬೀದಿಗೆ ತೆರೆಯುತ್ತದೆ. ಒಂದು ದೊಡ್ಡ ಕಿಟಕಿ, ಅದರ ಪಕ್ಕ ನನ್ನ ಕುರ್ಚಿ. ಸಂಜೆ ಐದರಿಂದ ಏಳರವರೆಗೆ ನಾನು ಅಲ್ಲಿರುತ್ತೇನೆಂದು ಎಲ್ಲರಿಗೂ ಗೊತ್ತು. ಬಿಸಿಲಲ್ಲಿ ನಿಂತು ವ್ಯಾಪಾರ ಮಾಡಿದವನಿಗೆ ತಲೆಯ ಮೇಲೆ ಫ್ಯಾನ್ ತಿರುಗುವ ಒಂದು ಕೋಣೆ ಸಿಗಲು ಮೂವತ್ತು ವರ್ಷ ಹಿಡಿಯಿತು. ಹಾಗಾಗಿ ಸೊಸೆ ಬಂದು ಅದೇ ಕೋಣೆಯನ್ನು ಕೇಳಿದಾಗ ಕೇಳಿಸದವನ ಹಾಗೆ ಕುಳಿತೆ. ಕೇಳಿಸದ ಹಾಗಿರುವುದೂ ವ್ಯಾಪಾರದ ಒಂದು ಪಟ್ಟು.

ಸೊಸೆ ಸೊರಬದ ಕಡೆಯ ಹಳ್ಳಿಯವಳು. ನಮ್ಮ ಮನೆಗೆ ಬಂದು ವರ್ಷವಾಗಿತ್ತು. ಕಾಲೇಜಿನಲ್ಲಿದ್ದಾಗ ಚೆಸ್ ಆಡಿ ಬೇರೆ ಬೇರೆ ಊರಿಗೆ ಹೋಗಿ ಬಂದವಳಂತೆ. ಮದುವೆಯಾದ ಮೇಲೆ ಅವಳ ಬೋರ್ಡು ಟ್ರಂಕಿನಲ್ಲೇ ಉಳಿದಿತ್ತು.

"ಮಾವಾರೆ, ಸಂಜೆ ಎರಡು ಗಂಟೆ ಮುಂಗೋಣೆ ನಂಗೆ ಕೊಡ್ತೀರಾ?" ಎಂದು ಇನ್ನೊಮ್ಮೆ ಕೇಳಿದಳು. "ಓಣಿ ಮಕ್ಕಳಿಗೆ ಚೆಸ್ ಹೇಳಿಕೊಡ್ಬೇಕು ಅಂತಿದೀನಿ. ಒಳಗಿನ ಕೋಣೆ ಆದ್ರೆ ಬರೋರೆಲ್ಲ ಅಡುಗೆಮನೆ ದಾಟಿ ಬರ್ಬೇಕು."

"ಆಡೋದು ಬೇರೆ, ಕಲ್ಸೋದು ಬೇರೆ ಅವ್ವ. ನಿಂಗೆ ಕಲ್ಸಕ್ಕೆ ಬರುತ್ತೆ ಅಂತ ಏನು ಗ್ಯಾರಂಟಿ? ಮಾಲು ನೋಡ್ದೆ ನಾನು ಬೆಲೆ ಕಟ್ಟಲ್ಲ."

"ಹಂಗಾದ್ರೆ ನಿಮಗೇ ಕಲಿಸ್ತೀನಿ. ನೀವೇ ಸ್ಯಾಂಪಲ್."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ನಾನೂ ಆಡುತ್ತೇನೆಂಬುದು ಸೊಸೆಗೆ ಗೊತ್ತಿತ್ತು. ವಾರಕ್ಕೊಮ್ಮೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಸೊರಬಕ್ಕೆ ಹೋಗುತ್ತೇನೆ. ಹಬ್ಬಕ್ಕೋ ಹರಕೆಗೋ ಕುರಿ ಬೇಕಾದವರು ಅಲ್ಲಿ ಹೇಳಿಟ್ಟಿರುತ್ತಾರೆ. ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೊತ್ತನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರೊಬ್ಬರ ಅಂಗಡಿಯಲ್ಲಿ ಕಳೆಯುತ್ತೇನೆ. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಾರೆ. ಕೊರಳಲ್ಲಿ ಟೇಪು, ಹೊಲಿಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಚೆಸ್ ಬೋರ್ಡು. ನಾನು ಎರಡೂ ಕೈ ತಲೆಗೆ ಕೊಟ್ಟು ಯೋಚಿಸಿ ನಡೆಸುತ್ತಿದ್ದೆ. ಅವರು ಕಾಲಲ್ಲಿ ಮೆಷಿನ್ ತುಳಿಯುತ್ತಲೇ, ಒಂದು ಹೊಲಿಗೆ ಮುಗಿದಾಗ ಕತ್ತೆತ್ತಿ ನೋಡಿ, ಒಂದು ಕಾಯಿ ಸರಿಸಿ, ಮತ್ತೆ ತುಳಿಯುತ್ತಿದ್ದರು. ಆರು ವರ್ಷದಲ್ಲಿ ಒಂದು ಆಟವನ್ನೂ ನಾನು ಗೆದ್ದಿರಲಿಲ್ಲ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಕರಾರು ಹಾಕಿದೆ.

"ನೋಡವ್ವ, ಶಿವರಾತ್ರಿ ಒಳಗೆ ನಾನು ಸೊರಬದ ಮಾಸ್ಟ್ರನ್ನ ಒಂದೇ ಒಂದು ಆಟ ಗೆಲ್ಲಬೇಕು. ಗೆದ್ರೆ ಸಂಜೆ ಕೋಣೆ ನಿಂದು. ಗೆಲ್ಲದಿದ್ರೆ ಈ ಮಾತು ಮತ್ತೆ ಎತ್ತಬಾರದು."

ಗಮನಿಸಿ, 'ಸೋತರೆ' ಎನ್ನಲಿಲ್ಲ, 'ಗೆಲ್ಲದಿದ್ದರೆ' ಎಂದೆ. ಆಟ ಡ್ರಾ ಆದರೂ ಕೋಣೆ ನನ್ನದೇ. ಕರಾರು ಮಾಡುವಾಗ ಯಾವ ಮಾತು ನಿಮ್ಮ ಕಡೆಗೆ ವಾಲುತ್ತದೆ ಎಂದು ನೋಡಿ ಆಡಬೇಕು. ನಾನು ಸೋಲುತ್ತೇನೆಂಬ ನಂಬಿಕೆ ನನಗಿತ್ತು. ಅಭ್ಯಾಸಬಲದಿಂದ ಟವೆಲ್ಲನ್ನು ಕೈಮೇಲೆ ಎಳೆದುಕೊಂಡು ಮುಂದೆ ಚಾಚಿಯೂ ಬಿಟ್ಟೆ.

"ಸೊಸೆ ಕೈ ಹಿಡಿದು ವ್ಯಾಪಾರ ಮಾಡ್ತೀರೇನ್ರಿ? ಇಳಿಸ್ರಿ ಟವೆಲ್ನ!" ಎಂದು ಹೆಂಡತಿ ಹೊರಗೆ ಬಂದು ಗದರಿದಳು.

ಸೊಸೆ ಬಾಗಿಲಿಗೆ ಒರಗಿ ನಿಂತೇ, "ಒಪ್ಪಿದೆ ಮಾವಾರೆ" ಎಂದಳು.

ದೀಪಾವಳಿ ಕಳೆದ ಮರುದಿನದಿಂದ ಪಾಠ ಶುರುವಾಯಿತು. ಮೊದಲ ತೊಡಕು ಬಂದದ್ದು ಕೂರುವ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಮಾವನ ಎದುರು ಸೊಸೆ ಸಮಸಮ ಕುರ್ಚಿ ಹಾಕಿಕೊಂಡು ಕೂರುವ ರೂಢಿಯಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಲ್ಲ, ಹಾಗೆ ನಡೆದು ಬಂದಿದೆ. ಅವಳು ನಿಂತೇ ಆಡುತ್ತಿದ್ದಳು. ಅಡುಗೆಮನೆಗೂ ಮುಂಗೋಣೆಗೂ ಓಡಾಡುತ್ತ, ಒಗ್ಗರಣೆ ಹಾಕಿ ಬಂದು ಒಂದು ನಡೆ, ರೊಟ್ಟಿ ತಿರುವಿ ಬಂದು ಒಂದು ನಡೆ. ನಾಲ್ಕನೆಯ ದಿನ ನನ್ನ ರಾಜನಿಗೆ ಹೋಗಲು ಮನೆಯೇ ಇಲ್ಲದಂತೆ ಮಾಡಿ ಮೇಟ್ ಕೊಟ್ಟಳು. ನೋಡುತ್ತ ನಿಂತಿದ್ದ ಹೆಂಡತಿ ಅಂದಳು, "ಅಲ್ಲವ್ವ, ಮಾವನ ರಾಜನ್ನ ಹೊಡಿಯಕ್ಕಿಲ್ಲದ ನಾಚಿಕೆ ಮಾವನ ಮುಂದೆ ಕೂರಕ್ಕೆ ಯಾಕೆ?" ಅಂದಿನಿಂದ ಸೊಸೆ ಒಂದು ಕುಳ್ಳ ಸ್ಟೂಲ್ ತಂದಳು. ಕುರ್ಚಿಯೂ ಅಲ್ಲ, ನೆಲವೂ ಅಲ್ಲ. ಅದೂ ಒಂದು ರಾಜಿ.

ನನ್ನ ಆಟ ಆವರೆಗೆ ಇದ್ದದ್ದು ಒಂದೇ ಪಟ್ಟಿನ ಮೇಲೆ. ಮೊದಲೇ ಮಂತ್ರಿಯನ್ನು ಹೊರಗೆ ತೆಗೆದು, ಒಂಟೆಯನ್ನು ಜೊತೆಗೆ ಕಳಿಸಿ, ನಾಲ್ಕನೆಯ ನಡೆಗೆ ಮೇಟ್ ಮಾಡಲು ನೋಡುವುದು. ಸಂತೆಗೆ ಹೊಸದಾಗಿ ಬಂದವನನ್ನು ಮೊದಲ ಮಾತಿಗೇ ಹೆದರಿಸಿದ ಹಾಗೆ. ತಿಳಿಯದವರ ಎದುರು ಇದು ನಡೆಯುತ್ತದೆ. ನಾನು ಮಂತ್ರಿ ಎನ್ನುವುದನ್ನು ಸೊಸೆ ರಾಣಿ ಎನ್ನುತ್ತಾಳೆ. ಅವಳು ಆ ಪಟ್ಟನ್ನು ನೋಡಿ, "ಮಾವಾರೆ, ರಾಣಿನ ಇಷ್ಟು ಬೇಗ ಬೀದಿಗೆ ಕಳಿಸಿದ್ರೆ ಎದುರಿನವ್ರು ಅದನ್ನ ಅಟ್ಟಿಸ್ಕೊಂಡೇ ತಮ್ಮ ಕಾಯೆಲ್ಲ ಹೊರಗೆ ತರ್ತಾರೆ. ಅವ್ರ ಕೆಲಸ ನೀವೇ ಮಾಡಿಕೊಟ್ಟಂಗೆ" ಎಂದಳು. ಆರು ವರ್ಷ ಮಾಸ್ಟ್ರು ಮಾಡಿದ್ದು ಅದನ್ನೇ. ನನ್ನ ಮಂತ್ರಿ ಓಡಿ ಓಡಿ ಸುಸ್ತಾಗುವಷ್ಟರಲ್ಲಿ ಅವರ ಕುದುರೆ, ಒಂಟೆ ಎಲ್ಲ ಅಂಗಳಕ್ಕೆ ಬಂದು ನಿಂತಿರುತ್ತಿದ್ದವು.

ಅವಳು ನನಗೆ ಒಂದೇ ಓಪನಿಂಗ್ ಕೊಟ್ಟಳು. ರಾಜನ ಮುಂದಿನ ಸಿಪಾಯಿ ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ, ಆಮೇಲೆ ರಾಜನನ್ನು ಆನೆಯ ಮರೆಗೆ ಸೇರಿಸಿ ಕೋಟೆ. ಹತ್ತು ನಡೆಯೊಳಗೆ ಅಗತ್ಯವಿಲ್ಲದೆ ಒಂದೇ ಕಾಯಿಯನ್ನು ಎರಡು ಸಲ ಮುಟ್ಟುವಂತಿಲ್ಲ. ಒಂದು ತಿಂಗಳು ಬೇರೆ ಏನನ್ನೂ ಆಡಲು ಬಿಡಲಿಲ್ಲ. ನನಗೆ ಬೇಜಾರು ಬಂದು, "ಇದ್ರಲ್ಲಿ ಹೊಡೆದಾಟವೇ ಇಲ್ವಲ್ಲ" ಎಂದೆ. ಆದರೆ ಯೋಚಿಸಿದಾಗ ನನ್ನ ಕಸುಬಿನಲ್ಲೇ ಅದು ಇತ್ತು. ಸಂತೆಗೆ ನಾನು ಬೆಳಕು ಹರಿಯುವ ಮೊದಲೇ ಹೋಗುವುದು ಯಾಕೆ? ಆಗ ಮಾರಾಟವೇನೂ ಇರುವುದಿಲ್ಲ. ಬೇವಿನ ಮರದ ಹತ್ತಿರದ ದಿಣ್ಣೆ ಹಿಡಿಯಲಿಕ್ಕೆ. ಎತ್ತರದಲ್ಲಿ ನಿಂತ ಕುರಿ ತುಂಬಿಕೊಂಡಂತೆ ಕಾಣುತ್ತದೆ, ಬಂದವರು ಮೊದಲು ಅಲ್ಲಿಗೇ ಬರುತ್ತಾರೆ. ಓಪನಿಂಗ್ ಎಂದರೆ ಇಷ್ಟೇ, ಜಾಗ ಹಿಡಿಯುವುದು. ನೀವೂ ಕಲಿಯುವವರಾಗಿದ್ದರೆ ಹತ್ತು ಓಪನಿಂಗ್ ಬಾಯಿಪಾಠ ಮಾಡಲು ಹೋಗಬೇಡಿ. ಒಂದನ್ನು ಹಿಡಿದು, ಪ್ರತಿ ನಡೆ ಯಾಕೆ ಎಂದು ಕೇಳುತ್ತ ಆಡಿ.

ಎರಡನೆಯದು ಪಟ್ಟುಗಳ ಪಾಠ. ಬೆಳಿಗ್ಗೆ ಚಹಾಕ್ಕೆ ಮೊದಲು ಫೋನಿನಲ್ಲಿ ಹತ್ತು ಲೆಕ್ಕ. ಒಂದು ಬೋರ್ಡು ತೋರಿಸಿ, ಗೆಲ್ಲುವ ನಡೆ ಯಾವುದು ಎಂದು ಕೇಳುತ್ತದೆ. ಮೊದಮೊದಲು ನಾನು ಅಂದಾಜಿನಲ್ಲಿ ಬೆರಳು ಒತ್ತುತ್ತಿದ್ದೆ. ತಪ್ಪಾದರೆ ಇನ್ನೊಂದು, ಅದೂ ತಪ್ಪಾದರೆ ಮತ್ತೊಂದು. ಸೊಸೆ ಬಂದು ನೋಡಿದಳು.

"ಇದೆಂತ ಮಾವಾರೆ, ಸಂತೇಲಿ ರೇಟು ಕೇಳ್ದಂಗೆ ಒತ್ತಿ ಒತ್ತಿ ನೋಡ್ತಿದೀರಿ?"

"ಮತ್ತೆ? ಕೊನೆಗೆ ಸಿಕ್ತಲ್ಲ."

"ಮಾಸ್ಟ್ರು ನಿಮಗೆ ಮೂರು ಸಲ ಅವಕಾಶ ಕೊಡ್ತಾರಾ? ಎರಡೂ ಕೈ ತೊಡೆ ಕೆಳಗಿಟ್ಕೊಳ್ಳಿ. ನೀವು ಏನು ಆಡ್ತೀರಿ, ಅದಕ್ಕೆ ಅವ್ರು ಏನು ಆಡ್ತಾರೆ, ಎರಡೂ ಬಾಯಲ್ಲಿ ಹೇಳಿ. ಆಮೇಲೆ ಮುಟ್ಟಿ."

ಐವತ್ತೈದು ದಾಟಿದ ನಾನು ಚಹಾ ಆರುತ್ತಿದ್ದರೂ ಕೈಮೇಲೆ ಕುಳಿತುಕೊಂಡು ಫೋನಿಗೆ ಉತ್ತರ ಹೇಳಿದೆ. ಮೊದಲ ವಾರ ಹತ್ತಕ್ಕೆ ಮೂರು ಸರಿಯಾಗುವುದೇ ಕಷ್ಟವಿತ್ತು. ಅವಳು ಬೈಯಲಿಲ್ಲ, ಬೇಗ ಮುಗಿಸಲೂ ಬಿಡಲಿಲ್ಲ.

ಕುದುರೆಯ ಬಗ್ಗೆ ಅವಳು ಹೇಳಿದ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು, ಮುಂದೆ ಅದೇ ಕೆಲಸಕ್ಕೆ ಬಂತು. ಕುದುರೆ ಪ್ರತಿ ಸಲ ಬಣ್ಣ ಬದಲಿಸುತ್ತದೆ. ಬಿಳಿ ಮನೆಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ. ಹಾಗಾಗಿ ನಿಮ್ಮ ಕುದುರೆ ಈಗ ನಿಂತಿರುವ ಬಣ್ಣದ ಮನೆಗಳಲ್ಲೇ ಎದುರಿನವರ ರಾಜನೂ ಮಂತ್ರಿಯೂ ನಿಂತಿದ್ದರೆ, ಒಂದೇ ನೆಗೆತಕ್ಕೆ ಇಬ್ಬರನ್ನೂ ಹಿಡಿಯುವ ಮನೆ ನಡುವೆ ಇದೆಯೇ ಎಂದು ಹುಡುಕಬೇಕು. ರಾಜ ತಪ್ಪಿಸಿಕೊಂಡರೆ ಮಂತ್ರಿ ಹೋಗುತ್ತದೆ. "ಮೂರು ಬಣ್ಣ ಒಂದಾದ್ರೆ ನಿಲ್ಲಿ, ಹುಡುಕಿ" ಎನ್ನುತ್ತಿದ್ದಳು.

ನನಗೆ ನಾಚಿಕೆಯಾದ ಪಾಠವೊಂದಿದೆ. ಕಾಯಿಗೆ ಕಾಯಿ ಕೊಡುವುದೆಂದರೆ ನನಗೆ ಬಹಳ ಇಷ್ಟ. ಕುದುರೆಗೆ ಕುದುರೆ, ಒಂಟೆಗೆ ಒಂಟೆ, ಕೊಟ್ಟು ತೆಗೆದುಕೊಂಡು ಬೋರ್ಡು ಖಾಲಿ ಮಾಡುವುದು. ಒಂದು ದಿನ ಅವಳು ಕೇಳಿದಳು.

"ಆ ಕುದುರೆ ಯಾಕೆ ಕೊಟ್ರಿ?"

"ಸಮಸಮ ಆಯ್ತಲ್ಲ. ನಂದೊಂದು ಹೋಯ್ತು, ನಿಂದೊಂದು ಹೋಯ್ತು."

"ನನ್ನ ಕುದುರೆ ಮೂಲೇಲಿ ಕುಂಟ್ಕೊಂಡು ನಿಂತಿತ್ತು. ನಿಮ್ಮದು ನಡುಮನೇಲಿ ಎಂಟು ದಿಕ್ಕಿಗೂ ಕಣ್ಣಿಟ್ಟಿತ್ತು. ಕುರಿ ಆಗಿದ್ರೆ ಎರಡನ್ನೂ ಒಂದೇ ರೇಟಿಗೆ ಕೊಡ್ತಿದ್ರಾ?"

ಒಂದೇ ತಾಯಿಯ ಎರಡು ಮರಿಯನ್ನೂ ಬೆನ್ನು ಸವರಿ, ಹಲ್ಲು ನೋಡಿ ಬೇರೆ ಬೇರೆ ಬೆಲೆ ಕಟ್ಟುವವನು ನಾನು. ಬೋರ್ಡಿನ ಮುಂದೆ ಕುಳಿತಾಗ ಮಾತ್ರ ತಲೆ ಎಣಿಸುವ ದಡ್ಡನಾಗಿದ್ದೆ.

ನಡೆ ವಾಪಸ್ ತೆಗೆಯುವ ಚಾಳಿ ಬಿಡಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ನಮ್ಮಲ್ಲಿ ಟವೆಲ್ ಕೆಳಗಿನಿಂದ ಕೈ ತೆಗೆಯುವವರೆಗೆ ಯಾವ ಮಾತೂ ಕೊನೆಯ ಮಾತಲ್ಲ. ಬೆರಳು ಹಿಡಿದು ಬಿಡಬಹುದು, ಮತ್ತೆ ಹಿಡಿಯಬಹುದು. ಹಾಗೆಯೇ ನಾನು ಕಾಯಿ ಎತ್ತಿ, ಇಟ್ಟು, ಎದುರಿನವರ ಮುಖ ನೋಡಿ, ಅವರ ಹುಬ್ಬು ಕುಣಿದರೆ "ಇರು ಇರು" ಎಂದು ಹಿಂದಕ್ಕೆ ತರುತ್ತಿದ್ದೆ. ಸೊಸೆ ಅದಕ್ಕೆ ಸೊಪ್ಪು ಹಾಕಲಿಲ್ಲ. "ಮುಟ್ಟಿದ್ರೆ ನಡೆಸ್ಬೇಕು. ನನ್ನ ಮುಖದಲ್ಲೇನಿಲ್ಲ, ಬೋರ್ಡ್ ನೋಡಿ" ಎನ್ನುತ್ತಿದ್ದಳು. ಅವಳ ಮುಖದಲ್ಲಿ ನಿಜಕ್ಕೂ ಏನೂ ಇರುತ್ತಿರಲಿಲ್ಲ. ಸಂತೆಗೆ ಕರೆದುಕೊಂಡು ಹೋಗಿದ್ದರೆ ನನ್ನನ್ನೇ ಮೀರಿಸುತ್ತಿದ್ದಳು.

ಸೊರಬದಲ್ಲಿ ಮೊದಲು ಆದದ್ದು ಉಲ್ಟಾ. ಹಳೆಯ ಪಟ್ಟು ಬಿಟ್ಟಿದ್ದೆ, ಹೊಸದು ಕೈಗೆ ಹತ್ತಿರಲಿಲ್ಲ. ಮೊದಲಿಗಿಂತ ಬೇಗ ಸೋಲತೊಡಗಿದೆ. ಮಾಸ್ಟ್ರು, "ಎಂತ ಮಾರಾಯ್ರೆ, ಹುಷಾರಿಲ್ವಾ?" ಎಂದು ವಿಚಾರಿಸಿದರು. ಮನೆಗೆ ಬಂದು ಹೇಳಿದಾಗ ಸೊಸೆ ಸೋಲಿನ ಬಗ್ಗೆ ಕೇಳಲೇ ಇಲ್ಲ. "ನಡೆಯೆಲ್ಲ ಬರೆದುಕೊಂಡ್ರಾ?" ಎಂದಳು. ಮುಂದಿನ ವಾರದಿಂದ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ನಡೆ ಬರೆದು ತರುತ್ತಿದ್ದೆ. ಅವಳು ರಾತ್ರಿ ಊಟಕ್ಕೆ ಮೊದಲು ಅದನ್ನು ಮತ್ತೆ ಬೋರ್ಡಿನ ಮೇಲೆ ಆಡಿ, ನಾನು ಎಲ್ಲಿ ಎಡವಿದೆ ಎಂದು ತೋರಿಸುತ್ತಿದ್ದಳು. ಬರೆದಿಟ್ಟ ಆಟದಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬದಲಾವಣೆ ಕಂಡೆ. ನಾನು ಕೋಟೆ ಕಟ್ಟಿ, ಕುದುರೆಗಳನ್ನು ಹೊರಗೆ ತಂದು ಕುಳಿತಿದ್ದೆ. ಒಂದು ಸಿಪಾಯಿಯನ್ನು ಮಾಸ್ಟ್ರು ಪುಕ್ಕಟೆ ಬಿಟ್ಟಿದ್ದರು. ಪುಕ್ಕಟೆ ಕೊಡುವವನ ಕೈ ನೋಡಬೇಕು ಎನ್ನುವುದು ಸಂತೆಯ ಮೊದಲ ಪಾಠ. ನಾನು ಅದನ್ನು ಹೊಡೆಯದೆ ಆನೆಯನ್ನು ಸರಿಸಿದೆ. ಮೆಷಿನ್ ಸದ್ದು ನಿಂತಿತು. ನೋಡಿದರೆ ಮಾಸ್ಟ್ರ ಕಾಲು ಪೆಡಲ್ ಮೇಲಿರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಅವರು ನನ್ನ ನಡೆಗೆ ಹೊಲಿಗೆ ನಿಲ್ಲಿಸಿದ್ದರು. ಆ ಆಟವನ್ನೂ ಸೋತೆ. ಆದರೆ ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೆ ನಗುತ್ತಲೇ ಬಂದೆ.

ಶಿವರಾತ್ರಿಗೆ ಮುಂಚಿನ ಕೊನೆಯ ಸೊರಬದ ದಿನ ಬಂತು. ಅಂದು ಬೆಳಿಗ್ಗೆ ಸೊಸೆ ನೋಟ್‌ಬುಕ್ಕನ್ನೂ ಚೂಪು ಮಾಡಿದ ಪೆನ್ಸಿಲ್ಲನ್ನೂ ಚೀಲದ ಮೇಲಿಟ್ಟಿದ್ದಳು. ಮುಂಗೋಣೆಯ ಕಿಟಕಿಯ ಹತ್ತಿರ ನಿಂತು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಏನೋ ಅಳೆಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಕಸಪೊರಕೆ ಹುಡುಕುವವಳಂತೆ ಬಗ್ಗಿದಳು.

ಅಂದಿನ ಆಟ ಉದ್ದಕ್ಕೆ ಹೋಯಿತು. ಹತ್ತು ನಡೆಯಲ್ಲಿ ನನ್ನ ಜಾಗ ನಾನು ಹಿಡಿದಿದ್ದೆ. ನನ್ನ ಒಂದು ಕುದುರೆ ಬೋರ್ಡಿನ ನಡುವೆ, ಸಿಪಾಯಿಯ ಕಾವಲಿನಲ್ಲಿ ಗಟ್ಟಿಯಾಗಿ ನಿಂತಿತ್ತು. ಮಾಸ್ಟ್ರು ಎರಡು ಸಲ ಮೆಷಿನ್ ನಿಲ್ಲಿಸಿದ್ದರು. ಅಷ್ಟರಲ್ಲಿ ಒಬ್ಬ ಗಿರಾಕಿ ಶರ್ಟಿಗೆ ಬಂದು ನಿಂತ. ಇನ್ನೂ ಕಾಲರ್ ಬಾಕಿಯಿತ್ತು.

"ಸಾಕು ಮಾರಾಯ್ರೆ, ಡ್ರಾ ಮಾಡ್ಕೊಳ್ಳನ" ಎಂದರು ಮಾಸ್ಟ್ರು. "ಇವತ್ತು ಚೆನ್ನಾಗಿ ಆಡಿದ್ರಿ. ಇಬ್ರಿಗೂ ಬೇಜಾರಿಲ್ಲ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಜೀವಮಾನವಿಡೀ ನಾನು ಮಾಡಿದ್ದೂ ಅದೇ, ನಡುವಿನಲ್ಲೊಂದು ಬೆಲೆ ಹಿಡಿದು ಇಬ್ಬರೂ ನಗುತ್ತ ಎದ್ದು ಹೋಗುವುದು. ಇನ್ನೊಂದು ಮಾತೂ ನೆನಪಾಯಿತು. 'ಗೆಲ್ಲದಿದ್ದರೆ.' ನನ್ನ ಕರಾರು, ನನ್ನ ಮಾತು. ಇಲ್ಲಿ ತಲೆಯಾಡಿಸಿದರೆ ಮಾಸ್ಟ್ರ ಎದುರು ಮೊದಲ ಸಲ ಸೋಲದೆ ಎದ್ದೆ ಎಂಬ ಗೌರವವೂ ಉಂಟು, ಸಂಜೆ ಐದಕ್ಕೆ ಕಿಟಕಿಯ ಪಕ್ಕದ ಕುರ್ಚಿಯೂ ಉಳಿಯುತ್ತದೆ. ಇಷ್ಟು ಒಳ್ಳೆಯ ರಾಜಿ ಸಂತೆಯಲ್ಲೂ ಸಿಗುವುದಿಲ್ಲ.

"ಒಂದು ನಿಮಿಷ ಮಾಸ್ಟ್ರೆ" ಎಂದೆ. ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡೆ. ಅಭ್ಯಾಸ.

ನನ್ನ ಕುದುರೆ ಬಿಳಿ ಮನೆಯಲ್ಲಿತ್ತು. ಅವರ ರಾಜನೂ ಬಿಳಿ ಮನೆ. ಅವರ ಮಂತ್ರಿಯೂ ಬಿಳಿ ಮನೆ. ಮೂರು ಬಣ್ಣ ಒಂದಾಗಿದ್ದವು. ಹುಡುಕಿದೆ. ನಡುವೆ ಒಂದು ಕಪ್ಪು ಮನೆಯಿತ್ತು, ಅಲ್ಲಿಗೆ ಕುದುರೆ ಹಾರಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಆದರೆ ಆ ಮನೆಯನ್ನು ಅವರ ಒಂಟೆ ಕಾಯುತ್ತಿತ್ತು. ಆ ಒಂಟೆಗೆ ಎದುರಾಗಿ ನನ್ನ ಒಂಟೆ. ಒಂಟೆಗೆ ಒಂಟೆ ಕೊಟ್ಟರೆ ಕಾವಲು ಹೋಗುತ್ತದೆ. ಅವರು ಮಂತ್ರಿಯಿಂದ ತಿರುಗಿ ಹೊಡೆದರೆ ಅದು ಒಂಟೆಯಿದ್ದ ಕಪ್ಪು ಮನೆಗೆ ಬಂದು ತಪ್ಪಿಸಿಕೊಳ್ಳುತ್ತದೆ, ನನಗೇನೂ ನಷ್ಟವಿಲ್ಲ. ಸಿಪಾಯಿಯಿಂದ ಹೊಡೆದರೆ ಮಂತ್ರಿ ನನ್ನದು.

ಇಷ್ಟೆಲ್ಲ ಅವರ ಕಣ್ಣ ಮುಂದೆಯೇ ಇತ್ತು. ಏನನ್ನೂ ನಾನು ಮುಚ್ಚಿಟ್ಟಿರಲಿಲ್ಲ. ನನ್ನ ಹೆಗಲ ಮೇಲಿನ ಟವೆಲ್ ಹೆಗಲ ಮೇಲೇ ಇತ್ತು. ಹೇಳಿಬಿಡುತ್ತೇನೆ, ಕಂಡದ್ದನ್ನು ಕಾಣದವನಂತೆ ಮಾಡಿ ಕೈಕುಲುಕಿ ಎದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಪಕ್ಕದಲ್ಲಿ ತೆರೆದಿದ್ದ ನೋಟ್‌ಬುಕ್ ನೋಡಿದೆ. ರಾತ್ರಿ ಅವಳು ಈ ನಡೆಯವರೆಗೆ ಆಡಿ, ಒಂದು ಕ್ಷಣ ನಿಂತು, ಆ ಕಪ್ಪು ಮನೆಯ ಮೇಲೆ ಬೆರಳಿಡುತ್ತಾಳೆ. ನಾನು ನೋಡಲಿಲ್ಲ ಎಂದರೆ ನಂಬುತ್ತಾಳೆ. ಕಲಿಸಿದ್ದು ಸಾಲಲಿಲ್ಲ ಎಂದುಕೊಳ್ಳುತ್ತಾಳೆ. ಆ ಎರಡನೆಯದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಾಲ್ಕು ತಿಂಗಳು ಅವಳು ಕೊಟ್ಟ ಮಾಲು ಚೊಕ್ಕವಾಗಿತ್ತು. ಚೊಕ್ಕ ಮಾಲನ್ನು ಕಳಪೆ ಎಂದು ಬೆಲೆ ಇಳಿಸಿದ್ದು ಬೇರೆ ಕಡೆ ಉಂಟು, ಸುಳ್ಳು ಹೇಳುವುದಿಲ್ಲ. ಮನೆಯೊಳಗೆ ಅದು ಬೇಡವೆನ್ನಿಸಿತು.

"ಆಡೋಣ ಮಾಸ್ಟ್ರೆ" ಎಂದು ಒಂಟೆಗೆ ಒಂಟೆ ಹೊಡೆದೆ.

"ಮತ್ತೆ ಶುರು ಮಾಡಿದ್ರಾ ನಿಮ್ಮ ಕೊಡೋ ತಗೊಳೋ ವ್ಯವಹಾರ!" ಎಂದು ನಕ್ಕು, ಶರ್ಟಿನ ಕಾಲರನ್ನು ಮೆಷಿನ್ನಿಗೆ ಕೊಡುತ್ತ, ಎಡಗೈಯಲ್ಲಿ ಸಿಪಾಯಿ ಎತ್ತಿ ನನ್ನ ಒಂಟೆಯನ್ನು ಹೊಡೆದರು. ಮೆಷಿನ್ ಓಡತೊಡಗಿತು.

ನಾನು ಕುದುರೆಯನ್ನು ಕಪ್ಪು ಮನೆಗೆ ಹಾರಿಸಿ, "ಚೆಕ್" ಎಂದೆ.

ಮೆಷಿನ್ ನಿಂತಿತು. ಮಾಸ್ಟ್ರು ಕನ್ನಡಕ ಮೇಲೆತ್ತಿ ನೋಡಿದರು, ಇಳಿಸಿ ನೋಡಿದರು. ಗಿರಾಕಿ "ನನ್ನ ಶರ್ಟು?" ಎಂದ. "ಇರಪ್ಪ, ಇಲ್ಲಿ ನಂದೇ ಹರಿದೋಯ್ತು" ಎಂದರು. ಮಂತ್ರಿ ಹೋದ ಮೇಲೂ ಹನ್ನೆರಡು ನಡೆ ಒದ್ದಾಡಿದರು, ಆಮೇಲೆ ರಾಜನನ್ನು ಮೆಲ್ಲಗೆ ಮಲಗಿಸಿದರು.

"ಇದು ನಿಮ್ಮ ಕೈಕೆಲಸ ಅಲ್ಲ ಮಾರಾಯ್ರೆ. ಯಾರ ಹತ್ರ ಹೊಲಿಸ್ಕೊಂಡ್ರಿ ಈ ಆಟನ?"

"ನಮ್ಮ ಸೊಸೆ ಹತ್ರ. ನಿಮ್ಮ ಸೊರಬದ ಕಡೆಯವಳೇ."

"ಹಂಗೆ ಹೇಳಿ ಮತ್ತೆ!" ಎಂದು ಗಿರಾಕಿಯ ಕಡೆ ತಿರುಗಿ, "ನೋಡಪ್ಪ, ನಮ್ಮೂರಿನವರೇ ನನ್ನನ್ನ ಸೋಲಿಸಿದ್ದು" ಎಂದು ಸಮಾಧಾನ ಮಾಡಿಕೊಂಡರು.

ಮನೆಗೆ ಬಂದು ನೋಟ್‌ಬುಕ್ ಕೊಟ್ಟೆ. ಸೊಸೆ ಸ್ಟೂಲಿನ ಮೇಲೆ ಕುಳಿತು ಒಂದೊಂದೇ ನಡೆ ಆಡಿದಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹದಿನೇಳನೆಯ ನಡೆಯಲ್ಲಿ ಸೊಸೆ ನಿಂತು, "ಇಲ್ಲಿ ಅವ್ರು ಆನೆ ತಂದಿದ್ರೆ ನಿಮ್ಮ ಕಥೆ ಮುಗೀತಿತ್ತು" ಎಂದಳು. ಮುಂದೆ ಹೋದಳು. ಒಂದು ಕಡೆ ನಾನು ಪಕ್ಕದಲ್ಲಿ 'ಡ್ರಾ ಕೇಳಿದರು' ಎಂದು ಬರೆದಿದ್ದೆ. ಅದನ್ನು ಎರಡು ಸಲ ಓದಿದಳು. ಆಮೇಲಿನ ಮೂರು ನಡೆಗಳನ್ನು ಬಹಳ ನಿಧಾನವಾಗಿ ಆಡಿದಳು. ಕುದುರೆಯನ್ನು ಆ ಕಪ್ಪು ಮನೆಯಲ್ಲಿಟ್ಟು, ಅದರ ಮೇಲಿನ ಬೆರಳು ತೆಗೆಯಲಿಲ್ಲ.

"ಡ್ರಾ ಒಪ್ಪಿದ್ರೆ ಕೋಣೆ ನಿಮ್ಮದೇ ಇರ್ತಿತ್ತಲ್ಲ ಮಾವಾರೆ."

ಕರಾರಿನ ಆ ಮಾತನ್ನು ಅವಳೂ ಮೊದಲ ದಿನವೇ ಗಮನಿಸಿದ್ದಳೆಂದು ಆಗ ತಿಳಿಯಿತು. ಗೊತ್ತಿದ್ದೂ ಒಪ್ಪಿದ್ದಳು.

"ಕುದುರೆ ಕಂಡಿತ್ತಲ್ಲವ್ವ" ಎಂದೆ.

ಅವಳು ತಲೆ ತಗ್ಗಿಸಿ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದಳು. ಸೋತ ವ್ಯಾಪಾರದಲ್ಲೂ ಕೊನೆಗೊಂದು ಮಾತು ಕೇಳಿ ನೋಡಬೇಕು.

"ಸಂತೆ ಹಿಂದಿನ ದಿನ ಮಾತ್ರ ಜನ ಜಾಸ್ತಿ ಬರ್ತಾರೆ..."

"ಆ ದಿನ ಕ್ಲಾಸ್ ಇಟ್ಟಿಲ್ಲ" ಎಂದಳು. ಅದನ್ನೂ ಮೊದಲೇ ಯೋಚಿಸಿಟ್ಟಿದ್ದಳು.

ಈಗ ವಾರದಲ್ಲಿ ಒಂದು ದಿನ ಬಿಟ್ಟು ಉಳಿದ ಸಂಜೆಗಳಲ್ಲಿ ನನ್ನ ಕುರ್ಚಿ ಹೊರಗೆ ಜಗಲಿಯ ಮೇಲಿರುತ್ತದೆ. ಫ್ಯಾನಿಲ್ಲ, ಗಾಳಿ ಸಾಕಷ್ಟಿದೆ. ಒಳಗೆ ಆರೇಳು ಮಕ್ಕಳು. ಸೊಸೆ ಕಿಟಕಿಯ ಪಕ್ಕ ಒಂದು ಎತ್ತರದ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ನಾನು ಒಳಗೆ ಹೋದರೂ ಎದ್ದು ನಿಲ್ಲುವುದಿಲ್ಲ, ಎದ್ದು ನಿಲ್ಲಬೇಕೆಂದು ನಾನೂ ಬಯಸುವುದಿಲ್ಲ. ಮೊನ್ನೆ ಬಂದಳಿಕೆಯ ಕಡೆಯ ಕುರಿಯವನೊಬ್ಬ ಬಂದು ಜಗಲಿಯಲ್ಲಿ ನನ್ನ ಪಕ್ಕ ಕುಳಿತ. ಟವೆಲ್ ಹಾಕಿ ಬೆರಳು ಹಿಡಿದೆ. ಅವನು ಒಂದು ಬೆರಳು ಹೆಚ್ಚು ಕೇಳಿದ, ನಾನು ಒಂದು ಬೆರಳು ಕಡಿಮೆ ಹಿಡಿದೆ. ಅಷ್ಟರಲ್ಲಿ ಕಿಟಕಿಯೊಳಗಿನಿಂದ ಮಕ್ಕಳಿಗೆ ಹೇಳುವ ಸೊಸೆಯ ದನಿ ಬಂತು, "ಕೈ ತೊಡೆ ಕೆಳಗೆ! ಮೊದ್ಲು ನೋಡಿ, ಆಮೇಲೆ ಮುಟ್ಟಿ."

ನಾನು ಟವೆಲ್ ಕೆಳಗಿನ ಕೈಯನ್ನು ಸಡಿಲ ಬಿಟ್ಟು, ಎದ್ದು, ಅವನ ಕುರಿಗಳನ್ನು ಇನ್ನೊಮ್ಮೆ ನೋಡಲು ಬೀದಿಗೆ ಇಳಿದೆ. ಮೂರನೆಯದು ಹಿಂಗಾಲಲ್ಲಿ ಸ್ವಲ್ಪ ಕುಂಟುತ್ತಿತ್ತು.